ಸ್ಕ್ಯಾನ್ ನಾರ್ಮಲ್ ಬಂತು, ನೋವು ಹೋಗಲಿಲ್ಲ

(ಮಂಡ್ಯದಲ್ಲಿ ಕಾಲೇಜು ಹುಡುಗಿಯರು ಮತ್ತು ಸ್ತ್ರೀಶಕ್ತಿ ಸಂಘಗಳ ಹೆಣ್ಣುಮಕ್ಕಳು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ನಮ್ಮ ಓಪಿಡಿಗೆ ಬರುವ ಬಹಳಷ್ಟು ಹೆಣ್ಣುಮಕ್ಕಳು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುತ್ತಾರೆ, "ಹಾರ್ಮೋನ್ ಪ್ರಾಬ್ಲಂ ಅಂತೆ ಮೇಡಂ." ಯಾವ ಹಾರ್ಮೋನು ಅಂದರೆ ಗೊತ್ತಿರುವುದಿಲ್ಲ. ಹಾಗಂದವರೂ ಹೇಳಿರುವುದಿಲ್ಲ. ಮುಟ್ಟು ತಡವಾದರೂ ಹಾರ್ಮೋನು, ಹದಿನೈದು ದಿನಕ್ಕೇ ಬಂದರೂ ಹಾರ್ಮೋನು. ಮುಖದಲ್ಲಿ ಮೊಡವೆ ಬಂದರೂ ಅದೇ, ತಿಂಗಳು ತಿಂಗಳು ಹೊಟ್ಟೆ ಹಿಡಿದುಕೊಂಡು ಹೊರಳಾಡಿದರೂ ಅದೇ. ಥೈರಾಯ್ಡ್, ಪಿಸಿಓಡಿ, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ಜಾಸ್ತಿಯಾಗುವುದು, ಎಂಡೊಮೆಟ್ರಿಯೋಸಿಸ್, ಹೀಗೆ ಬೇರೆ ಬೇರೆ ಕಾಯಿಲೆಗಳೆಲ್ಲ ಒಂದೇ ಚೀಟಿಯೊಳಗೆ ಸೇರಿಕೊಂಡಿರುತ್ತವೆ. ಒಂದೊಂದಕ್ಕೂ ಔಷಧಿ ಬೇರೆ, ತಜ್ಞರೂ ಕೆಲವೊಮ್ಮೆ ಬೇರೆ. ಇವತ್ತು ನಾನು ಜಾಸ್ತಿ ಮಾತಾಡುವುದು ಎಂಡೊಮೆಟ್ರಿಯೋಸಿಸ್ ಬಗ್ಗೆ, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೆಳೆಯುವ ಕಾಯಿಲೆ. ಉಳಿದವಕ್ಕೆ ರಕ್ತಪರೀಕ್ಷೆಯಲ್ಲೋ ಸ್ಕ್ಯಾನಿನಲ್ಲೋ ಏನಾದರೂ ಸುಳಿವು ಸಿಗುತ್ತದೆ. ಇದಕ್ಕೆ ಎಷ್ಟೋ ಸಲ ಯಾವ ಸುಳಿವೂ ಸಿಗುವುದಿಲ್ಲ. ರಿಪೋರ್ಟು ನಾರ್ಮಲ್, ಹುಡುಗಿ ಮಾತ್ರ ನೆಲ ಹಿಡಿದು ಮಲಗಿರುತ್ತಾಳೆ.

ಮೊದಲು ನೋವಿನ ವಿಚಾರ. ಮುಟ್ಟಾದ ಮೊದಲ ದಿನ, ಎರಡನೇ ದಿನ ಕಿಬ್ಬೊಟ್ಟೆ ಹಿಂಡುವುದು, ಸೊಂಟ ಹಿಡಿಯುವುದು ಇದ್ದದ್ದೇ. ಒಂದು ಮಾತ್ರೆ ನುಂಗಿ, ಬಿಸಿನೀರಿನ ಚೀಲ ಇಟ್ಟುಕೊಂಡರೆ ಕೆಲಸಕ್ಕೆ ಹೋಗಬಹುದು. ಅಷ್ಟಿದ್ದರೆ ಚಿಂತೆ ಬೇಡ. ಮಾತ್ರೆಗೂ ಬಗ್ಗದ ನೋವು, ವಾಂತಿ, ತಲೆಸುತ್ತು, ಪ್ರತಿ ತಿಂಗಳೂ ಕಾಲೇಜಿಗೆ ರಜೆ, ಇದು ಬೇರೆ. ಮುಟ್ಟಿಗೆ ಎರಡು ಮೂರು ದಿನ ಮೊದಲೇ ಶುರುವಾಗುವ ನೋವು, ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುವ ನೋವು, ಇದು ಬೇರೆ. ಮುಟ್ಟಿನ ದಿನಗಳಲ್ಲಿ ಮಾತ್ರ ಮಲವಿಸರ್ಜನೆಗೆ ಕೂತಾಗ ಚುಚ್ಚಿದ ಹಾಗೆ ಆಗುವುದು, ಮೂತ್ರಕ್ಕೆ ಹೋದಾಗ ನೋಯುವುದು, ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ನೋಯುವುದು, ಇವನ್ನು ಯಾರೂ ತಾವಾಗಿ ಹೇಳುವುದಿಲ್ಲ. ನಾಚಿಕೆ. ಆದರೆ ನಮಗೆ ದಾರಿ ತೋರಿಸುವುದೇ ಈ ಮೂರು.

ತಾಯಂದಿರು ಜೊತೆಗೆ ಬಂದಾಗ ಒಂದು ಮಾತು ತಪ್ಪದೆ ಬರುತ್ತದೆ. "ನಮ್ಗೂ ಹಿಂಗೇ ಇತ್ತು ಕಣವ್ವ, ನಾವು ಗದ್ದೆ ಕೆಲ್ಸ ಮಾಡ್ಲಿಲ್ವಾ? ಮದ್ವೆ ಆದ್ಮೇಲೆ ಸರೋಯ್ತದೆ." ಅವರಿಗೂ ಹಾಗೇ ಇತ್ತು ಅನ್ನುವುದನ್ನು ನಾನು ತಕ್ಷಣ ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತೇನೆ. ಯಾಕೆಂದರೆ ತಾಯಿಗೋ ಅಕ್ಕನಿಗೋ ಈ ಕಾಯಿಲೆ ಇದ್ದರೆ ಹುಡುಗಿಗೆ ಬರುವ ಸಾಧ್ಯತೆ ಜಾಸ್ತಿ. ಅಮ್ಮ ಸಮಾಧಾನಕ್ಕೆ ಹೇಳಿದ ಮಾತು ನಮಗೆ ಅನುಮಾನ ಹುಟ್ಟಿಸುತ್ತದೆ. ಮದುವೆಯಿಂದ ಸರಿಹೋಗುವುದು ಅಂತೂ ಇಲ್ಲ. ಬಸುರಿಯಾದಾಗ, ಹಾಲೂಡಿಸುವಾಗ ಮುಟ್ಟು ನಿಲ್ಲುವುದರಿಂದ ಕೆಲವರಿಗೆ ನೋವೂ ತಗ್ಗುತ್ತದೆ. ಮುಟ್ಟು ಮತ್ತೆ ಶುರುವಾದ ಮೇಲೆ ನೋವು ವಾಪಸ್ ಬರಬಹುದು.

ಒಳಗೆ ಆಗುವುದು ಏನು? ಗರ್ಭಕೋಶದ ಒಳಗೆ ಒಂದು ಪದರ ಇರುತ್ತದೆ. ಪ್ರತಿ ತಿಂಗಳು ದಪ್ಪವಾಗಿ, ಬಸಿರು ನಿಲ್ಲದಿದ್ದರೆ ಕಳಚಿ ರಕ್ತದ ಜೊತೆ ಹೋಗುತ್ತದೆ. ಅಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆದರೆ ಅದು ಎಂಡೊಮೆಟ್ರಿಯೋಸಿಸ್. ಅಂಡಾಶಯದ ಮೇಲೆ, ಗರ್ಭಕೋಶದ ಹಿಂದಿನ ಗುಂಡಿಯಲ್ಲಿ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ ಅದು ಕೂರಬಹುದು. ತಿಂಗಳು ತಿಂಗಳು ಅದೂ ಊದುತ್ತದೆ, ಅದರಿಂದಲೂ ರಕ್ತ ಒಸರುತ್ತದೆ. ಹೊರಗೆ ಹೋಗಲು ದಾರಿ ಇಲ್ಲ. ಸುತ್ತಲೂ ಉರಿಯೂತ ಆಗುತ್ತದೆ, ಕಲೆ ಕಟ್ಟುತ್ತದೆ, ಒಂದು ಅಂಗ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಸಿಸೇರಿಯನ್ ಆದವರಲ್ಲಿ ಕೆಲವರಿಗೆ ಹೊಲಿಗೆಯ ಗಾಯದ ಹತ್ತಿರವೇ ಗಂಟು ಆಗಿ, ಮುಟ್ಟಿನ ಹೊತ್ತಿಗೆ ಸರಿಯಾಗಿ ಊದಿ ನೋಯುತ್ತದೆ. ಅದೂ ಇದೇ ಕಾಯಿಲೆ. ಹೊಲಿಗೆ ಸರಿಯಾಗಿ ಹಾಕಿಲ್ಲ ಅಂತ ಪಾಪ ಆಪರೇಷನ್ ಮಾಡಿದವರನ್ನು ಬೈದುಕೊಂಡು ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ.

ಈ ಪದರ ಹೊರಗೆ ಹೇಗೆ ಹೋಯಿತು? 1920ರ ದಶಕದಲ್ಲಿ ಅಮೆರಿಕದ ಜಾನ್ ಸ್ಯಾಂಪ್ಸನ್ ಅನ್ನುವ ವೈದ್ಯರು ಒಂದು ವಿವರಣೆ ಕೊಟ್ಟರು. ಮುಟ್ಟಿನ ರಕ್ತದಲ್ಲಿ ಸ್ವಲ್ಪ ಭಾಗ ಗರ್ಭನಾಳಗಳ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ ಅಂತ. ಅದು ನಿಜ. ಆದರೆ ಹಾಗೆ ಹಿಂದಕ್ಕೆ ಹರಿಯುವುದು ಹೆಚ್ಚುಕಮ್ಮಿ ಎಲ್ಲ ಹೆಂಗಸರಲ್ಲೂ ಆಗುತ್ತದೆ, ಕಾಯಿಲೆ ಬರುವುದು ಕೆಲವರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಹೆರುವ ವಯಸ್ಸಿನವರಲ್ಲಿ 100ಕ್ಕೆ ಸುಮಾರು 10 ಜನ, ಪ್ರಪಂಚದಲ್ಲಿ ಸುಮಾರು 19 ಕೋಟಿ. ಹಾಗಾಗಿ ಮೈಯ ರೋಗನಿರೋಧಕ ಶಕ್ತಿ, ವಂಶವಾಹಿ, ಹಾರ್ಮೋನು ಎಲ್ಲದರ ಪಾತ್ರವೂ ಇದೆ. ಈಸ್ಟ್ರೋಜೆನ್ ಇದಕ್ಕೆ ಮೇವು. ನಾವು ಕೊಡುವ ಮಾತ್ರೆಗಳು ಆ ಮೇವನ್ನು ಕಡಿಮೆ ಮಾಡುತ್ತವೆ. ಹುಡುಗಿ ಏನೋ ತಿಂದದ್ದಕ್ಕೆ, ಸೈಕಲ್ ತುಳಿದದ್ದಕ್ಕೆ, ಮುಟ್ಟಿನಲ್ಲಿ ತಲೆಗೆ ನೀರು ಹಾಕಿಕೊಂಡದ್ದಕ್ಕೆ ಇದು ಬರುವುದಿಲ್ಲ.

ಈಗ ಸ್ಕ್ಯಾನಿಗೆ ಬರೋಣ. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡುವ ಸ್ಕ್ಯಾನಿನಲ್ಲಿ ಅಂಡಾಶಯದ ದೊಡ್ಡ ಗುಳ್ಳೆ ಕಾಣುತ್ತದೆ. ಹೊಟ್ಟೆಯ ಒಳಪೊರೆಯ ಮೇಲೆ ಕೂತ ಎರಡು ಮೂರು ಮಿಲಿಮೀಟರ್ ಚುಕ್ಕೆ ಕಾಣುವುದಿಲ್ಲ. ಕಾಯಿಲೆಗೂ ನೋವಿಗೂ ತಾಳೆ ಇಲ್ಲದಿರುವುದು ಇನ್ನೊಂದು ತೊಡಕು. ಬರೀ ಚುಕ್ಕೆಗಳಿರುವವಳು ಹಾಸಿಗೆ ಬಿಟ್ಟು ಏಳುವುದಿಲ್ಲ, ಎರಡೂ ಅಂಡಾಶಯ ಅಂಟಿಕೊಂಡಿರುವವಳು ಮಕ್ಕಳಾಗಲಿಲ್ಲ ಅಂತ ಬಂದಾಗಲೇ ನಮಗೆ ಗೊತ್ತಾಗುವುದು. ಆಳಕ್ಕೆ ಇಳಿದ ಕಾಯಿಲೆ ಯೋನಿಯ ಮೂಲಕ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಕಾಣುತ್ತದೆ, ಆದರೆ ಮಾಡುವವರ ಕೈ ಪಳಗಿರಬೇಕು, ಹುಡುಕಬೇಕು ಅಂತ ಅವರಿಗೆ ಗೊತ್ತಿರಬೇಕು. ಚೀಟಿಯಲ್ಲಿ ಬರೀ "ಹೊಟ್ಟೆ ನೋವು" ಅಂತ ಬರೆದು ಕಳಿಸಿದರೆ ಅವರು ಕಿಡ್ನಿಯಲ್ಲಿ ಕಲ್ಲು ಹುಡುಕುತ್ತಾರೆ. ಅದು ಅವರ ತಪ್ಪಲ್ಲ. ಮದುವೆಯಾಗದ ಹುಡುಗಿಯರಿಗೆ ಒಳಗಿನ ಸ್ಕ್ಯಾನ್ ನಮ್ಮ ಕಡೆ ಸಾಮಾನ್ಯವಾಗಿ ಮಾಡುವುದಿಲ್ಲ. ಬೇಕೇ ಬೇಕು ಅನಿಸಿದರೆ ಎಂಆರ್‌ಐ ಇದೆ.

ಸಿಎ-125 ಅನ್ನುವ ರಕ್ತಪರೀಕ್ಷೆ ಮಾಡಿಸಿಕೊಂಡು, ಜಾಸ್ತಿ ಬಂತು ಅಂತ ಕ್ಯಾನ್ಸರ್ ಭಯದಲ್ಲಿ ಓಡಿ ಬರುವವರಿದ್ದಾರೆ. ಎಂಡೊಮೆಟ್ರಿಯೋಸಿಸ್ ಇದ್ದರೂ ಅದು ಏರುತ್ತದೆ, ಬರೀ ಮುಟ್ಟಾದಾಗಲೂ ಏರುತ್ತದೆ, ಹೊಟ್ಟೆಯ ಕ್ಷಯದಲ್ಲೂ ಏರುತ್ತದೆ. ಅದೊಂದನ್ನೇ ನಂಬಿ ಏನನ್ನೂ ತೀರ್ಮಾನ ಮಾಡುವ ಹಾಗಿಲ್ಲ. ನಮ್ಮ ದೇಶದಲ್ಲಿ ಗರ್ಭನಾಳದ ಕ್ಷಯವನ್ನು ಪ್ರತ್ಯೇಕವಾಗಿ ನೆನಪಿಟ್ಟುಕೊಳ್ಳಬೇಕು. ಅದು ಇದೇ ವೇಷ ಹಾಕಿಕೊಂಡು ಬರುತ್ತದೆ.

ಹಾಗಾದರೆ ಪತ್ತೆ ಹೇಗೆ? ಹಿಂದೆಲ್ಲ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ಕಣ್ಣಾರೆ ನೋಡಿದರೆ ಮಾತ್ರ ಖಾತ್ರಿ ಅನ್ನುತ್ತಿದ್ದರು. 2022ರಲ್ಲಿ ಬಂದ ಯುರೋಪಿನ ಮಾರ್ಗಸೂಚಿ ಅದನ್ನು ಸಡಿಲ ಮಾಡಿತು. ಲಕ್ಷಣ ಹೊಂದಿದರೆ ಆಪರೇಷನ್ ಇಲ್ಲದೆಯೇ ಮಾತ್ರೆ ಶುರು ಮಾಡಬಹುದು. ಲಕ್ಷಣ ಹೊಂದುತ್ತದಾ ಅಂತ ನೋಡಲು ನಮಗೆ ನಿಮ್ಮ ಲೆಕ್ಕ ಬೇಕು.

ಈ ಲೆಕ್ಕದ ವಿಚಾರದಲ್ಲಿ ನನಗೆ ಬಹಳ ಇಷ್ಟವಾದದ್ದು ಶ್ರೀರಂಗಪಟ್ಟಣದ ಕಡೆಯ ಒಬ್ಬ ತಾಯಿ ತಂದದ್ದು. ಗೋಡೆಯ ಮೇಲಿದ್ದ ಒಂಟಿಕೊಪ್ಪಲ್ ಕ್ಯಾಲೆಂಡರನ್ನು ಹಾಗೇ ಕಿತ್ತು, ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದರು. ಹಾಲಿನ ಲೆಕ್ಕ, ಸಂಘದ ಕಂತಿನ ದಿನ, ಏಕಾದಶಿ, ಎಲ್ಲದರ ನಡುವೆ ಮಗಳಿಗೆ ಮುಟ್ಟಾದ ದಿನಕ್ಕೆ ಕೆಂಪು ಪೆನ್ನಿನ ಸುತ್ತು. ಶಾಲೆ ತಪ್ಪಿಸಿದ ದಿನಕ್ಕೆ ಅಡ್ಡಗೀಟು. ಮಾತ್ರೆ ತಿಂದ ದಿನಕ್ಕೆ ಚುಕ್ಕೆ, ಎರಡು ತಿಂದರೆ ಎರಡು ಚುಕ್ಕೆ. ಜನವರಿಯಲ್ಲಿ ಅಡ್ಡಗೀಟು ಒಂದಿತ್ತು, ಆಗಸ್ಟ್ ಹೊತ್ತಿಗೆ ನಾಲ್ಕು. ಚುಕ್ಕೆಗಳು ಸುತ್ತಿಗಿಂತ ಎರಡು ದಿನ ಮೊದಲೇ ಶುರುವಾಗಿದ್ದವು. ಅವರ ಹತ್ತಿರ ಸ್ಕ್ಯಾನ್ ರಿಪೋರ್ಟುಗಳ ಒಂದು ಕಟ್ಟೇ ಇತ್ತು, ಎಲ್ಲಾ ನಾರ್ಮಲ್. ಆ ಕಟ್ಟಿಗಿಂತ ಈ ಕ್ಯಾಲೆಂಡರು ನನಗೆ ಜಾಸ್ತಿ ಹೇಳಿತು. ಮೊಬೈಲ್ ಆಪ್‌ನಲ್ಲಿ ಬರೆದುಕೊಂಡರೂ ಸರಿ, ಆದರೆ ನೋವು ಹತ್ತಕ್ಕೆ ಎಷ್ಟು ಅಂತಲೂ ಬರೆಯಿರಿ. ಮೂರು ತಿಂಗಳ ಲೆಕ್ಕ ಇದ್ದರೆ ಸಾಕು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನೋವು ಶುರುವಾದಾಗಿನಿಂದ ಕಾಯಿಲೆಯ ಹೆಸರು ಗೊತ್ತಾಗುವ ತನಕ ಬೇರೆ ಬೇರೆ ದೇಶಗಳಲ್ಲಿ ಸರಾಸರಿ 4ರಿಂದ 12 ವರ್ಷ ಹಿಡಿಯುತ್ತಿದೆ. ಅಲ್ಲಿ ಎಂಆರ್‌ಐ ಮೆಷಿನ್ನು ಇಲ್ಲ ಅಂತಲ್ಲ. ಹುಡುಗಿ ಹೇಳಿದ್ದನ್ನು ಮನೆಯವರು ನಂಬಲಿಲ್ಲ, ಮನೆಯವರು ಹೇಳಿದ್ದನ್ನು ಡಾಕ್ಟರು ನಂಬಲಿಲ್ಲ.

ಚಿಕಿತ್ಸೆ. ನೋವಿನ ಮಾತ್ರೆ ಸರಿಯಾದ ಹೊತ್ತಿಗೆ ತಗೊಳ್ಳಬೇಕು, ನೋವು ತಾರಕಕ್ಕೆ ಏರಿದ ಮೇಲಲ್ಲ. ಖಾಲಿ ಹೊಟ್ಟೆಯಲ್ಲಿ ಬೇಡ. ಅದು ಸಾಲದಿದ್ದರೆ ಹಾರ್ಮೋನ್ ಮಾತ್ರೆ. ಈಗ ಜಾಸ್ತಿ ಬರೆಯುವುದು ಡೈನೋಜೆಸ್ಟ್ 2 ಮಿಲಿಗ್ರಾಂ, ದಿನಾ ಒಂದು, ಬಿಡದೆ. ಮೊದಲ ಕೆಲವು ತಿಂಗಳು ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿಕೊಳ್ಳಬಹುದು. ಬಹಳ ಜನ ಇಲ್ಲೇ ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ. ಮೊದಲೇ ಹೇಳಿದ್ದರೆ ನಿಲ್ಲಿಸುತ್ತಿರಲಿಲ್ಲ, ಅಲ್ವಾ? ಗರ್ಭನಿರೋಧಕ ಮಾತ್ರೆಯೂ ಕೆಲಸ ಮಾಡುತ್ತದೆ. ಮಕ್ಕಳಾಗಿರುವವರಿಗೆ, ಆಗದವರಿಗೂ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ಸಾಧನ ಇದೆ. ವಂಕಿಯ ಹಾಗೇ, ಆದರೆ ಅದರಿಂದ ಒಳಗೇ ಹಾರ್ಮೋನು ಇಷ್ಟಿಷ್ಟೇ ಬಿಡುಗಡೆ ಆಗುತ್ತಿರುತ್ತದೆ. ಐದು ವರ್ಷಕ್ಕೆ ಕಡಿಮೆಯಿಲ್ಲದೆ ಇರುತ್ತದೆ. ಮುಟ್ಟನ್ನೇ ನಿಲ್ಲಿಸಿಬಿಡುವ ಇಂಜೆಕ್ಷನ್ನುಗಳೂ ಇವೆ. ಅವನ್ನು ಹೆಚ್ಚು ಕಾಲ ಕೊಟ್ಟರೆ ಮೂಳೆ ಸವೆಯುತ್ತದೆ, ಅದಕ್ಕೆ ಜೊತೆಗೆ ಬೇರೆ ಮಾತ್ರೆ ಕೊಡುತ್ತೇವೆ. ಇವು ಯಾವುವೂ ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ಅದನ್ನು ಮಲಗಿಸಿ ಇಡುತ್ತವೆ. ಬೇಗ ಮಗು ಬೇಕು ಅನ್ನುವವರಿಗೆ ಈ ದಾರಿ ಆಗುವುದಿಲ್ಲ, ಅವರಿಗೆ ಲೆಕ್ಕಾಚಾರವೇ ಬೇರೆ.

ಆಪರೇಷನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊಕ್ಕುಳಲ್ಲಿ ಒಂದು ಸೆಂಟಿಮೀಟರ್ ಗಾಯ ಮಾಡಿ, ಕಾರ್ಬನ್ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸಿ, ಕ್ಯಾಮೆರಾ ಇಳಿಸುತ್ತೇವೆ. ಕಿಬ್ಬೊಟ್ಟೆಯ ಹತ್ತಿರ ಇನ್ನೂ ಎರಡು ಮೂರು ಸಣ್ಣ ತೂತು. ಟಿವಿ ಪರದೆಯ ಮೇಲೆ ಎಲ್ಲಾ ದೊಡ್ಡದಾಗಿ ಕಾಣುತ್ತದೆ. ಆರೋಗ್ಯವಾಗಿರುವ ಒಳಪೊರೆ ತೆಳ್ಳಗೆ ಹೊಳೆಯುತ್ತಿರುತ್ತದೆ. ಇಲ್ಲಿ ಅದರ ಮೇಲೆ ಕಪ್ಪು ಚುಕ್ಕೆ, ನೀಲಿ ಚುಕ್ಕೆ, ಕೆಲವೊಮ್ಮೆ ಬಣ್ಣವೇ ಇಲ್ಲದ ನೀರ್ಗುಳ್ಳೆ. ಅಂಡಾಶಯ ತನ್ನ ಜಾಗ ಬಿಟ್ಟು ಗರ್ಭಕೋಶದ ಹಿಂದಕ್ಕೆ ಹೋಗಿ ಅಂಟಿರುತ್ತದೆ, ಅದರ ಮೇಲೆ ಕರುಳು ಬಂದು ಅಂಟಿರುತ್ತದೆ. ಮೆಲ್ಲಗೆ ಬಿಡಿಸುವಾಗ ಗುಳ್ಳೆ ಒಡೆದು ಗಟ್ಟಿ ಕಂದು ದ್ರವ ಸುರಿಯುತ್ತದೆ. ಎಷ್ಟೋ ತಿಂಗಳ ಹಳೇ ರಕ್ತ ಅದು. ಪುಸ್ತಕದಲ್ಲಿ ಚಾಕೊಲೇಟ್ ಸಿಸ್ಟ್ ಅಂತಾರೆ. ಮಂಡ್ಯದವರಾದ ನಿಮಗೆ ಆಲೆಮನೆ ಕೊಪ್ಪರಿಗೆಯಲ್ಲಿ ಕೊನೆಗೆ ಮಂದವಾಗುವ ಪಾಕ ಅಂದರೆ ಬೇಗ ಕಣ್ಣಿಗೆ ಕಟ್ಟುತ್ತದೆ. ಆಪರೇಷನ್ ಆದ ಮೇಲೆ ಎರಡು ದಿನ ಭುಜ ನೋಯುತ್ತದೆ. ಹೊಟ್ಟೆಗೆ ಮಾಡಿ ಭುಜ ಯಾಕೆ ನೋಯುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಉಳಿದ ಗ್ಯಾಸು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಕೆಣಕುತ್ತದೆ, ಅದಕ್ಕೆ.

ಗುಳ್ಳೆ ಬಿಡಿಸುವಾಗ ಅದರ ಗೋಡೆಯ ಜೊತೆ ಒಳ್ಳೆಯ ಅಂಡಾಶಯದ ಭಾಗವೂ ಸ್ವಲ್ಪ ಬಂದುಬಿಡುತ್ತದೆ, ಅಂದರೆ ಮೊಟ್ಟೆಗಳು ಕಡಿಮೆಯಾಗುತ್ತವೆ. ಮದುವೆಯಾಗದ ಹುಡುಗಿಗೆ, ಮಕ್ಕಳಾಗದವರಿಗೆ ಆಪರೇಷನ್ನಿಗೆ ಮೊದಲು ಎಎಂಎಚ್ ಅನ್ನುವ ರಕ್ತಪರೀಕ್ಷೆ ಮಾಡಿಸಿ, ಉಳಿದಿರುವ ಮೊಟ್ಟೆಗಳ ಅಂದಾಜು ತಗೊಳ್ಳುವುದು ಈ ಕಾರಣಕ್ಕೆ. ಪದೇಪದೇ ಅದೇ ಅಂಡಾಶಯಕ್ಕೆ ಕತ್ತರಿ ಹಾಕಬಾರದು. ಮೊದಲನೇ ಆಪರೇಷನ್ನೇ ಅನುಭವ ಇರುವವರ ಕೈಯಲ್ಲಿ ಆಗಬೇಕು. ಕೇಳಲು ಸಂಕೋಚ ಬೇಡ. ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ? ಕರುಳಿಗೆ ಅಂಟಿದ್ದರೆ ಕರುಳಿನ ಸರ್ಜನ್ ಅವತ್ತೇ ಬರುತ್ತಾರಾ? ವಿಡಿಯೋ ಕೊಡುತ್ತೀರಾ? ಆದ ಮೇಲೆ ಮತ್ತೆ ಬಾರದ ಹಾಗೆ ಯಾವ ಮಾತ್ರೆ? ಹೀಗೆ ಕೇಳಿದರೆ ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಇನ್ನೊಬ್ಬರ ಹತ್ತಿರ ಹೋಗಿ.

ಗರ್ಭಕೋಶ ತೆಗೆಸುವ ವಿಚಾರ. "ಡಾಕ್ಟ್ರಮ್ಮ, ಮಕ್ಳಾಗವೆ, ಇನ್ಯಾಕದು? ತೆಗ್ದಾಕ್ಬುಡಿ, ಕಾಟ ತಪ್ಪೋಗ್ಲಿ." ಮೂವತ್ತು ದಾಟಿದ ಕೂಡಲೇ ಹೀಗೆ ಹೇಳುವವರಿದ್ದಾರೆ. ಹೂಂ ಅನ್ನುವ ಡಾಕ್ಟರುಗಳೂ ಇದ್ದಾರೆ, ಅದು ಇನ್ನೂ ಬೇಜಾರು. ಬೇಡದ ಗರ್ಭಕೋಶ ಆಪರೇಷನ್ನುಗಳ ವಿಚಾರ ಸುಪ್ರೀಂ ಕೋರ್ಟಿನ ತನಕ ಹೋಗಿ, 2023ರಲ್ಲಿ ರಾಜ್ಯಗಳೆಲ್ಲ ಕೇಂದ್ರದ ಮಾರ್ಗಸೂಚಿ ಜಾರಿ ಮಾಡಬೇಕು ಅಂತ ಆದೇಶ ಬಂತು. ಎಂಡೊಮೆಟ್ರಿಯೋಸಿಸ್ ಇರುವುದೇ ಗರ್ಭಕೋಶದ ಹೊರಗೆ. ಅದನ್ನು ಅಲ್ಲೇ ಬಿಟ್ಟು ಬರೀ ಗರ್ಭಕೋಶ ತೆಗೆದರೆ ನೋವು ಉಳಿಯಬಹುದು. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸು ಒಂದೇ ದಿನದಲ್ಲಿ ಬಂದುಬಿಡುತ್ತದೆ. ಮೈ ಕಾವು, ನಿದ್ದೆ ಇಲ್ಲ, ಮೂಳೆ ಸವೆತ, ಮುಂದೆ ಹೃದಯಕ್ಕೂ ತೊಂದರೆ. ಗರ್ಭಕೋಶದ ಗೋಡೆಯೊಳಗೇ ಈ ಪದರ ಬೆಳೆಯುವ ಅಡೆನೋಮಯೋಸಿಸ್ ಇದ್ದು, ಮಾತ್ರೆ, ಸಾಧನ ಯಾವುದಕ್ಕೂ ಬಗ್ಗದಿದ್ದರೆ ತೆಗೆಯುವುದೇ ಸರಿ. ಆಗ ನಾನೂ ತೆಗೆಯುತ್ತೇನೆ.

ಪಿಸಿಓಡಿ, ಥೈರಾಯ್ಡ್ ಬಗ್ಗೆ ಚುಟುಕಾಗಿ. ಪಿಸಿಓಡಿಯಲ್ಲಿ ಸ್ಕ್ಯಾನಿನಲ್ಲಿ ಕಾಣುವುದು ನಿಜವಾದ ಗುಳ್ಳೆಗಳಲ್ಲ, ಬೆಳೆಯದೆ ನಿಂತ ಮೊಟ್ಟೆಯ ಚೀಲಗಳು. ಆಪರೇಷನ್ ಮಾಡಿ ತೆಗೆಯುವಂಥದ್ದಲ್ಲ. ಹೈಸ್ಕೂಲು, ಪಿಯುಸಿ ಹುಡುಗಿಯರ ಅಂಡಾಶಯ ಆರೋಗ್ಯವಾಗಿದ್ದರೂ ಹಾಗೇ ಕಾಣುತ್ತದೆ. ಮೊದಲ ಮುಟ್ಟಾಗಿ ಎಂಟು ವರ್ಷದ ತನಕ ಬರೀ ಸ್ಕ್ಯಾನ್ ನೋಡಿ ಪಿಸಿಓಡಿ ಅನ್ನಬಾರದು ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮುಟ್ಟು 90 ದಿನ ದಾಟಿದರೆ ಮಾತ್ರ ತೋರಿಸಲೇಬೇಕು. ತೂಕ ಜಾಸ್ತಿ ಇದ್ದವರು ನೂರಕ್ಕೆ ಐದರಷ್ಟು ಇಳಿಸಿದರೂ ಮುಟ್ಟು ಎಷ್ಟೋ ಸಲ ದಾರಿಗೆ ಬರುತ್ತದೆ. ಅದಕ್ಕೆ ಮುದ್ದೆ ಬಿಡಬೇಕಾ ಅಂತ ಕೇಳುತ್ತಾರೆ. ಬೇಡ. ಮುದ್ದೆ ಆದ ಮೇಲೆ ತಟ್ಟೆ ತುಂಬ ಅನ್ನ ಬಡಿಸಿಕೊಳ್ಳುತ್ತೀರಲ್ಲ, ಅದನ್ನು ಕಡಿಮೆ ಮಾಡಿ.

ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ. ಮೈಸೂರು ಕಡೆಯವರಿಗೆ ಇದು ದೊಡ್ಡ ಶಿಕ್ಷೆ, ಗೊತ್ತು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ದೂರ ಇರಲಿ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಗ್ಯಾಸ್ಟ್ರಿಕ್ ಅಂತ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಗೊಳ್ಳುವ ಕ್ಯಾಪ್ಸೂಲುಗಳಲ್ಲಿ ಎಷ್ಟೋ ಸಲ ಡೊಂಪೆರಿಡೋನ್ ಸೇರಿರುತ್ತದೆ. ಅದನ್ನು ತಿಂಗಳುಗಟ್ಟಲೆ ನುಂಗಿದರೆ ಪ್ರೊಲ್ಯಾಕ್ಟಿನ್ ಏರಿ ಮುಟ್ಟು ತಪ್ಪಬಹುದು, ಮಗು ಇಲ್ಲದಿದ್ದರೂ ಎದೆಯಲ್ಲಿ ಹಾಲು ಬರಬಹುದು. ತಲೆಯ ಸ್ಕ್ಯಾನಿಗೆ ಓಡುವ ಮೊದಲು ನುಂಗುತ್ತಿರುವ ಮಾತ್ರೆಗಳ ಪಟ್ಟಿ ತೋರಿಸಿ.

ಎಲ್ಲಿಗೆ ಹೋಗುವುದು? ಇಲ್ಲೇ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ಸ್ತ್ರೀರೋಗ ವಿಭಾಗ ಇದೆ. ಮೈಸೂರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಹತ್ತಿರವೇ ಚೆಲುವಾಂಬ ಆಸ್ಪತ್ರೆ, ಪಕ್ಕದಲ್ಲೇ ಕೆ.ಆರ್. ಆಸ್ಪತ್ರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇದೆ. ಆದರೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಅದಕ್ಕೇ ಮೊದಲು ಇಲ್ಲಿಂದ ಶುರು ಮಾಡಿ. ಹಳೇ ರಿಪೋರ್ಟು, ಹಳೇ ಚೀಟಿ ಒಂದನ್ನೂ ಎಸೆಯಬೇಡಿ.

ಆಮೇಲೆ ಪ್ರಶ್ನೆಗಳು ಬಂದವು.

ಮದ್ದೂರು ಕಡೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬರು ರಜೆಯ ಬಗ್ಗೆ ಕೇಳಿದರು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು, ಸರ್ಕಾರಿ ಖಾಸಗಿ ಎರಡಕ್ಕೂ. ನಾನು ಅದನ್ನು ಸ್ವಾಗತಿಸುತ್ತೇನೆ. ಆದರೆ ಪ್ರತಿ ತಿಂಗಳೂ ಆ ಒಂದು ದಿನ ಸಾಲುವುದಿಲ್ಲ ಅನಿಸಿದರೆ, ರಜೆಯ ಜೊತೆಗೆ ಡಾಕ್ಟರನ್ನೂ ನೋಡಿ ಅಂದೆ.

ಕಾಲೇಜು ಹುಡುಗಿಯೊಬ್ಬಳು, "ಹಾರ್ಮೋನ್ ಮಾತ್ರೆ ತಗೊಂಡ್ರೆ ಮುಂದೆ ಮಕ್ಕಳಾಗಲ್ಲ ಅಂತಾರಲ್ಲ ಮೇಡಂ?" ಅಂತ ಎದ್ದು ನಿಂತು ಕೇಳಿದಳು. ಎಲ್ಲರ ಮುಂದೆ ಕೇಳಿದ್ದಕ್ಕೆ ಅವಳಿಗೆ ಒಂದು ಚಪ್ಪಾಳೆ ಬಂತು. ಮಾತ್ರೆ ನಿಲ್ಲಿಸಿದ ಮೇಲೆ ಮೊಟ್ಟೆ ಬಿಡುಗಡೆ ಮತ್ತೆ ಶುರುವಾಗುತ್ತದೆ. ಮಕ್ಕಳಾಗಲು ಅಡ್ಡ ಬರುವುದು ಕಾಯಿಲೆ. ಅದೂ ಎಲ್ಲರಿಗೂ ಅಲ್ಲ, ಈ ಕಾಯಿಲೆ ಇದ್ದೂ ತಾವಾಗಿ ಬಸುರಿಯಾದವರು ಎಷ್ಟೋ ಜನ.

ಹಿಂದಿನ ಸಾಲಿನ ಹಿರಿಯರೊಬ್ಬರು, "ನಂಗೆ ನಿಂತು ಮೂರು ವರ್ಷ ಆಯ್ತು, ಈಗ ಆಗೊಮ್ಮೆ ಈಗೊಮ್ಮೆ ಕಾಣ್ಸ್ಕತದೆ. ಇದೂ ಅದೇಯಾ?" ಅಂದರು. ಅಲ್ಲ. ಎಂಡೊಮೆಟ್ರಿಯೋಸಿಸ್ ಸಾಮಾನ್ಯವಾಗಿ ಮುಟ್ಟು ನಿಂತ ಮೇಲೆ ತಣ್ಣಗಾಗುತ್ತದೆ. ಆದರೆ ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಗರ್ಭಕೋಶದ ಒಳಪದರ ಪರೀಕ್ಷೆ ಆಗಬೇಕು, ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ನಾಳೆ ಬೆಳಗ್ಗೆಯೇ ಮಿಮ್ಸ್‌ಗೆ ಹೋಗಿ ಅಂತ ಅವರಿಗೆ ಅಲ್ಲೇ ಚೀಟಿ ಬರೆದುಕೊಟ್ಟೆ.